ಕಾರ್ಡ್ ಕೈಯಲ್ಲಿತ್ತು, ಪಟ್ಟಿಯಲ್ಲಿ ನಾನಿರಲಿಲ್ಲ: 350 ರೂಪಾಯಿ ಕೊಟ್ಟು ಮತ ಕಳೆದುಕೊಂಡೆ

ಮತದಾರರ ಪಟ್ಟಿಗೆ ಹೆಸರು ಸೇರಿಸುವುದಕ್ಕೋ ವಿಳಾಸ ಬದಲಿಸುವುದಕ್ಕೋ ಯಾವುದಾದರೂ ಅಂಗಡಿಗೆ ದುಡ್ಡು ಕೊಡುವ ಯೋಚನೆಯಲ್ಲಿದ್ದೀರಾ? ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಕುಮಟಾದಲ್ಲಿ ನಾನು 350 ರೂಪಾಯಿ ಕೊಟ್ಟೆ. ದುಡ್ಡು ಹೋದರೆ ಹೋಗಲಿ, ಆ ದಿನ ಮತಗಟ್ಟೆಯಿಂದ ತಲೆ ತಗ್ಗಿಸಿ ಹೊರಗೆ ಬಂದದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಇಷ್ಟು ದಿನ ಬರೆಯಲು ನಾಚಿಕೆಯಾಗುತ್ತಿತ್ತು. ನಾನು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಸಂವಿಧಾನದ 326ನೆಯ ವಿಧಿ, ವಯಸ್ಕ ಮತದಾನ, 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು, ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳ ತಲೆಗೆ ತುಂಬುವವಳು. 2024ರ ಜನವರಿ 25, ರಾಷ್ಟ್ರೀಯ ಮತದಾರರ ದಿನ, ವಿದ್ಯಾರ್ಥಿಗಳನ್ನು ಕಾಲೇಜಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಬೋಧಿಸಿದವಳೂ ನಾನೇ. ಅದೇ ವಾರ ಆ ಅಂಗಡಿಯ ಮೆಟ್ಟಿಲು ಹತ್ತಿದೆ.

ನನ್ನ ತವರು ಶಿರಸಿಯ ಕಡೆ. ಮದುವೆಯಾಗಿ ಕುಮಟಾಕ್ಕೆ ಬಂದ ಮೇಲೂ ಹೆಸರು ಅಲ್ಲಿಯ ಪಟ್ಟಿಯಲ್ಲೇ ಇತ್ತು. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಹೋಗಿ ಮತ ಹಾಕಿ, ಆಯಿ ಮಾಡಿದ ಅಪ್ಪೆಹುಳಿ ಕುಡಿದು ಬಂದಿದ್ದೆ. ಆ ದಿನ ಚೆನ್ನಾಗಿಯೇ ಇತ್ತು. ಆದರೆ ಬರುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಬೇಸಿಗೆ ಬಂದರೆ ಉಪ್ಪಾಗುವುದು ನಮ್ಮ ಕೇರಿಯ ಬಾವಿ, ಮಳೆಗಾಲದಲ್ಲಿ ಮುಳುಗುವುದು ನಮ್ಮ ರಸ್ತೆ. ಇಲ್ಲಿ ಇದ್ದುಕೊಂಡು ಶಿರಸಿಯ ಶಾಸಕರನ್ನು ಆರಿಸುವುದು ಯಾವ ನ್ಯಾಯ? ವಾಸ ಇರುವಲ್ಲೇ ಹೆಸರು ಇರಬೇಕು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಬದಲಿಸಲು ಹೊರಟೆ. ಉದ್ದೇಶ ಒಳ್ಳೆಯದೇ ಇತ್ತು. ದಾರಿ ಹಾಳಾಯಿತು.

ನಮೂನೆ 8 ತುಂಬಿದರೆ ಸಾಕು, ಹಳೆಯ ಕ್ಷೇತ್ರದಿಂದ ತೆಗೆದು ಹೊಸದಕ್ಕೆ ಸೇರಿಸುತ್ತಾರೆ, ಅದಕ್ಕೆ ಶುಲ್ಕವಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಹೌದು, ಗೊತ್ತಿತ್ತು. ರಾತ್ರಿ ಪಾತ್ರೆ ತೊಳೆದಿಟ್ಟು ಮೊಬೈಲ್ ಹಿಡಿದು ಕುಳಿತರೆ ದಾಖಲೆಯ ಚಿತ್ರ ಏರಿಸುವುದಕ್ಕೇ ಆಗಲಿಲ್ಲ. ಎರಡು ಸಲ ಪ್ರಯತ್ನಿಸಿ ಬಿಟ್ಟೆ. ಸೋಮಾರಿತನ, ಅಷ್ಟೇ. ಮರುದಿನ ಬಸ್ ಇಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಆ ಝೆರಾಕ್ಸ್ ಅಂಗಡಿಯ ಫಲಕ: ‘ಇಲ್ಲಿ ವೋಟರ್ ಕಾರ್ಡ್ ಮಾಡಿಕೊಡಲಾಗುವುದು’.

‘ಬನ್ನಿ ಅಕ್ಕಾ, ಹತ್ತು ನಿಮಿಷದ ಕೆಲಸ’ ಎಂದ. ಆಧಾರ್, ಹಳೆಯ ಕಾರ್ಡ್, ಮೊಬೈಲ್ ಮೂರನ್ನೂ ತೆಗೆದುಕೊಂಡ. ‘ಒಂದು ಓಟಿಪಿ ಬರುತ್ತದೆ, ಹೇಳಿ’ ಎಂದ, ಹೇಳಿದೆ. ಯಾವುದಕ್ಕೆ ಬಂದ ಓಟಿಪಿ ಎಂದು ಕೂಡ ನೋಡಲಿಲ್ಲ. ‘ಸರ್ಕಾರದ ಶುಲ್ಕ 200, ನನ್ನದು 150.’ ಸರ್ಕಾರದ ಶುಲ್ಕ! ಶುಲ್ಕವೇ ಇಲ್ಲ ಎಂದು ತರಗತಿಯಲ್ಲಿ ಹೇಳುವ ಬಾಯಿ ಅಲ್ಲಿ ಮುಚ್ಚಿಕೊಂಡಿತು. ಅರ್ಜಿ ಸಲ್ಲಿಕೆಯಾದರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ, ಅದನ್ನಾದರೂ ಕೇಳಬೇಕಿತ್ತು. ಅವನು ಹರಿದ ಪುಸ್ತಕದ ಹಾಳೆಯಲ್ಲಿ ‘ವೋಟರ್ ಐಡಿ 350 ಪೇಡ್’ ಎಂದು ಗೀಚಿ ಕೊಟ್ಟ. ನಾನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಎಂಟು ದಿನಕ್ಕೆ ಕಾರ್ಡ್ ಬಂತು. ಅಂಚೆಯಲ್ಲಿ ಮನೆಗಲ್ಲ, ಅವನ ಮೇಜಿನ ಡ್ರಾಯರಿನಿಂದ. ಪಳಪಳ ಹೊಳೆಯುವ ಪ್ಲಾಸ್ಟಿಕ್ ಕಾರ್ಡ್, ನನ್ನ ಹಳೆಯ ಫೋಟೊ, ಹಳೆಯದೇ ಸಂಖ್ಯೆ, ಹಿಂದೆ ಹೊಸ ವಿಳಾಸ. ಊರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ ಅನುಮಾನವೂ ಬರಲಿಲ್ಲ. ಈಗ ಅದೇ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತೇನೆ: ಮುಂಬದಿಯ ಕನ್ನಡ ಅಕ್ಷರ ಒಂದು ತರಹ, ಹಿಂಬದಿಯದು ಇನ್ನೊಂದು ತರಹ. ‘ಕುಮಟಾ’ ಎನ್ನುವುದು ‘ಕುಮಾಟ’ ಆಗಿದೆ. ಉತ್ತರಪತ್ರಿಕೆಯಲ್ಲಿ ಒಂದು ದೀರ್ಘ ತಪ್ಪಿದರೂ ಕೆಂಪು ಗೆರೆ ಎಳೆಯುವವಳಿಗೆ ಆ ದಿನ ಇದು ಕಾಣಲಿಲ್ಲ. ಹಳೆಯ ವಿವರಕ್ಕೆ ಹೊಸ ವಿಳಾಸ ಅಂಟಿಸಿ ಮುದ್ರಿಸಿದ ಚೂರು ಪ್ಲಾಸ್ಟಿಕ್, ಅಷ್ಟೇ. ಅರ್ಜಿಯನ್ನು ಅವನು ಹಾಕಿರಲೇ ಇಲ್ಲ.

ನನ್ನ ಬಾಯಿಯೇ ನನಗೆ ಶತ್ರುವಾದದ್ದು ಆಮೇಲೆ. ಕಾರ್ಡ್ ಸಿಕ್ಕ ಸಂತೋಷಕ್ಕೆ ಆಯಿಗೆ ಫೋನ್ ಮಾಡಿ ‘ನನ್ನ ಹೆಸರು ಇಲ್ಲಿಗೆ ಬಂತು’ ಎಂದು ಹೇಳಿದೆ. ಮನೆ ಭೇಟಿಗೆ ಬಂದ ಅಲ್ಲಿಯ ಮತಗಟ್ಟೆ ಮಟ್ಟದ ಅಧಿಕಾರಿಗೆ ಆಯಿ ಅದನ್ನೇ ಹೇಳಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಹೆಸರು ತೆಗೆಯುವ ಮೊದಲು ನೋಟಿಸೂ ಬಂದಿತ್ತಂತೆ. ‘ಹೇಗೂ ಅಲ್ಲಿ ಆಗಿದೆಯಲ್ಲ’ ಎಂದು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಳು. ಇಲ್ಲಿ ಕುಮಟಾದಲ್ಲಿ ನಮ್ಮ ಮತಗಟ್ಟೆಯ ಜವಾಬ್ದಾರಿ ಅಂಗನವಾಡಿ ಅಕ್ಕೋರದ್ದು. ಅವರು ನಮ್ಮ ಮನೆಗೆ ಎರಡು ಸಲ ಬಂದಿದ್ದರು. ಎರಡು ಸಲವೂ ಅತ್ತೆ ‘ಸೊಸೆಯದು ಆಗಿದೆ, ಕಾರ್ಡೇ ಬಂದಿದೆ’ ಎಂದು ಕಳುಹಿಸಿಬಿಟ್ಟಿದ್ದರು. ಪುಕ್ಕಟೆಯಾಗಿ ಆಗುವ ಕೆಲಸ ಎರಡು ಸಲ ಮನೆಯ ಬಾಗಿಲಿಗೆ ಬಂದು ಹಿಂದಕ್ಕೆ ಹೋಗಿದೆ. ಇದನ್ನು ನೆನೆದರೆ ಅಂಗಡಿಯವನಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ.

2024ರ ಮೇ 7, ಲೋಕಸಭಾ ಚುನಾವಣೆಯ ದಿನ. ಮನೆಯವರಿಗೆಲ್ಲ ಮತದಾರರ ಚೀಟಿ ಬಂದಿತ್ತು, ನನಗೆ ಬಂದಿರಲಿಲ್ಲ. ಮಾವ ಕೇಳಿದರು. ‘ಕಾರ್ಡ್ ಇದೆಯಲ್ಲ ಮಾವಾ’ ಎಂದೆ. ಬೆಳಗಿನ ಎಂಟಕ್ಕೇ ಸೆಕೆ, ಬೆವರು. ಸಾಲಿನಲ್ಲಿ ನನ್ನ ಮುಂದೆ ನನ್ನದೇ ವಿದ್ಯಾರ್ಥಿನಿ, ಮೊದಲ ಸಲ ಮತ ಹಾಕುವವಳು. ಅವಳ ಹೆಸರನ್ನು ಅಧಿಕಾರಿ ಗಟ್ಟಿಯಾಗಿ ಓದಿದರು, ಏಜೆಂಟರು ತಮ್ಮ ಪಟ್ಟಿಯಲ್ಲಿ ಗೆರೆ ಎಳೆದರು, ಅವಳು ಮುಂದೆ ಹೋದಳು. ನನ್ನ ಸರದಿ. ಕಾರ್ಡ್ ಕೊಟ್ಟೆ. ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಕೆಳಗೆ ಇಳಿಸಿದರು. ಪುಟ ತಿರುವಿದರು. ಮತ್ತೆ ಮೇಲಿನಿಂದ ಕೆಳಗೆ.

‘ಕ್ರಮಸಂಖ್ಯೆ ಎಷ್ಟು ಅಕ್ಕಾ?’

‘ಗೊತ್ತಿಲ್ಲ. ಕಾರ್ಡ್ ಇದೆಯಲ್ಲ?’

‘ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ, ಬೇರೆ ಗುರುತಿನ ದಾಖಲೆ ತೋರಿಸಬಹುದು. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ನಾನು ಏನೂ ಮಾಡುವ ಹಾಗಿಲ್ಲ.’

ಇದೇ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಇದೇ ಮಾತು! ಹಿಂದಿನಿಂದ ಯಾರೋ ‘ಬೇಗ, ಬೇಗ’ ಎಂದರು. ಏಜೆಂಟರು ಮೂವರೂ ತಲೆ ಎತ್ತಿ ನೋಡಿದರು. ಹೊರಗೆ ಶಾಮಿಯಾನದ ಕೆಳಗೆ ಕುಳಿತಿದ್ದ ಅಕ್ಕೋರ ಹತ್ತಿರ ಹೋದೆ. ಅವರು ಸಂಖ್ಯೆ ಹಾಕಿ ಹುಡುಕಿದರು. ಕುಮಟಾದಲ್ಲೂ ಇಲ್ಲ, ಶಿರಸಿಯಲ್ಲೂ ಇಲ್ಲ. ತವರಿನಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ನಾಮಪತ್ರದ ಕೊನೆಯ ದಿನ ಏಪ್ರಿಲ್ 19ಕ್ಕೆ ಮುಗಿದಿತ್ತು, ಆಮೇಲೆ ಚುನಾವಣೆ ಮುಗಿಯುವವರೆಗೆ ಹೊಸ ಹೆಸರು ಸೇರುವುದಿಲ್ಲ. ‘ಮಾರ್ಚಿನಲ್ಲಿ ಒಂದು ಮಾತು ಹೇಳಿದ್ದರೆ ನಾನೇ ಮಾಡಿಸುತ್ತಿದ್ದೆ’ ಎಂದರು ಅಕ್ಕೋರು, ಪಾಪ, ಮೆಲ್ಲಗೆ. ಅಷ್ಟರಲ್ಲಿ ಆ ಹುಡುಗಿ ಹೊರಗೆ ಬಂದು ಎಡಗೈ ತೋರುಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ಮೈಸೂರಿನ ಶಾಯಿ ಇನ್ನೂ ಹಸಿಯಾಗಿತ್ತು. ‘ನಿಮ್ಮದು ತೋರಿಸಿ ಮೇಡಂ, ಸೆಲ್ಫಿ ತೆಗೆಯೋಣ.’ ನಾನು ಕೈಯನ್ನು ಸೆರಗಿನೊಳಗೆ ಹಾಕಿಕೊಂಡೆ.

ಮರುದಿನ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ. ಮೊದಲು: ‘ಸರ್ವರ್ ಡೌನ್ ಇತ್ತು ಅಕ್ಕಾ.’ ಮೂರು ತಿಂಗಳೇ? ಆಮೇಲೆ: ‘ನೀವು ಕೇಳಿದ್ದು ಕಾರ್ಡ್, ಕೊಟ್ಟಿದ್ದೇನೆ. ಪಟ್ಟಿಯ ವಿಷಯ ನೀವು ಹೇಳಲಿಲ್ಲ.’ ದುಡ್ಡು ವಾಪಸ್ ಕೊಡು ಎಂದೆ. ‘ಪ್ರಿಂಟ್ ಹಾಕಿದ ಖರ್ಚು ಯಾರು ಕೊಡುತ್ತಾರೆ?’ ಕೊನೆಗೆ ದೊಡ್ಡ ಉಪಕಾರ ಮಾಡುವವನ ಹಾಗೆ: ‘ಇನ್ನು 200 ಕೊಡಿ, ಶಿರಸಿಯದೂ ಕುಮಟಾದ್ದೂ ಎರಡೂ ಕಡೆ ಮಾಡಿಸಿಕೊಡುತ್ತೇನೆ.’ ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು. ಅದು ಆಗುವುದು ನನಗೆ, ಅವನಿಗಲ್ಲ.

ನಾನು ದನಿ ಏರಿಸಿದಾಗ ಪಕ್ಕದಲ್ಲಿ ಝೆರಾಕ್ಸ್ ತೆಗೆಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಆಗ ಅವನು ನಕ್ಕು ಹೇಳಿದ ಮಾತು: ‘ಬಿಡಿ ಅಕ್ಕಾ, ನಿಮ್ಮ ಒಂದು ಮತದಿಂದ ಏನು ಆಗುವುದಿತ್ತು?’

ಏನು ಆಗುವುದಿತ್ತೇ? ಇದೇ ಕುಮಟಾ ಕ್ಷೇತ್ರದಲ್ಲಿ 2023ರಲ್ಲಿ ಗೆಲುವಿನ ಅಂತರ ಏಳುನೂರು ಮತವನ್ನೂ ಮುಟ್ಟಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಅದೇ ಸಲ 16 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದು. ಒಂದೇ ಒಂದು ಮತ. ಇದೆಲ್ಲ ಹೊಳೆದದ್ದು ಮನೆಗೆ ಬಂದು ನೀರು ಕುಡಿದ ಮೇಲೆ. ಅಲ್ಲಿ ಗಂಟಲು ಕಟ್ಟಿತ್ತು, ಸುಮ್ಮನೆ ಇಳಿದು ಬಂದೆ.

ಜೂನ್‌ನಲ್ಲಿ ಅಕ್ಕೋರ ಎದುರಿಗೇ ಕುಳಿತು ಅರ್ಜಿ ಹಾಕಿದೆ. ಹಳೆಯ ಹೆಸರು ಅಳಿಸಿ ಹೋಗಿದ್ದರಿಂದ ನಮೂನೆ 8 ನಡೆಯಲಿಲ್ಲ, ಹೊಸಬಳ ಹಾಗೆ ನಮೂನೆ 6 ತುಂಬಬೇಕಾಯಿತು. ಖರ್ಚು ಸೊನ್ನೆ. ಉಲ್ಲೇಖ ಸಂಖ್ಯೆ ಅಲ್ಲೇ ಬಂತು. ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬಂತು. ನೀವು ಕಾರ್ಡ್ ನೋಡಿ ಸಮಾಧಾನ ಪಡಬೇಡಿ, ಪಟ್ಟಿಯಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ ಹುಡುಕಿ ನೋಡಿ. ಚುನಾವಣೆ ಘೋಷಣೆಯಾಗುವ ಮೊದಲೇ ನೋಡಿ. ಗೊತ್ತಾಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಹದಿನೇಳು ತುಂಬಿದ ಮಕ್ಕಳು ಮೊದಲೇ ಅರ್ಜಿ ಕೊಟ್ಟಿಡಬಹುದು. ಹದಿನೆಂಟು ತುಂಬಿದವರು ಈಗ ಜನವರಿಗೆ ಕಾಯಬೇಕಾಗಿಯೂ ಇಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕುಗಳೂ ಲೆಕ್ಕಕ್ಕೆ ಬರುತ್ತವೆ. ಓಟಿಪಿಯನ್ನು ಮಾತ್ರ ನಿಮ್ಮ ಕೈಯಿಂದಲೇ ಒತ್ತಿ.

ಕಳೆದ ವಾರ ಬಸ್ ಇಳಿದು ಬರುವಾಗ ನೋಡಿದೆ, ಆ ಫಲಕ ಇನ್ನೂ ಇದೆ. ಕೆಳಗೆ ನಮ್ಮ ದ್ವಿತೀಯ ಪಿಯುಸಿಯ ಹುಡುಗನೊಬ್ಬ ಆಧಾರ್ ಪ್ರತಿ ಹಿಡಿದು ನಿಂತಿದ್ದ. ತೋಳು ಹಿಡಿದು ರಸ್ತೆಗೆ ಎಳೆದುಕೊಂಡು ಬಂದೆ. ಎಷ್ಟು ಕೇಳಿದ ಎಂದು ವಿಚಾರಿಸಿದರೆ, ‘400 ಮೇಡಂ, ಅರ್ಜೆಂಟ್ ಆದರೆ 500’ ಎಂದ.