ಹೆರಿಗೆ ಕೆಲಸ ಕಲಿಯೋಕೆ ಎಲ್ಲಿ ಒಳ್ಳೇದು: ಬೊಂಬೆ, ದೊಡ್ಡಾಸ್ಪತ್ರೆ, ತಾಲ್ಲೂಕು ಆಸ್ಪತ್ರೆ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ನಾನು ಮೂರು ಕಡೆ ಹೆರಿಗೆ ಕೆಲಸ ಕಲಿತೆ. ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಕಾಲೇಜಿನ ಸ್ಕಿಲ್ ಲ್ಯಾಬ್, ಹಾಸನ ಪಟ್ಟಣದ ಒಂದು ದೊಡ್ಡ ಆಸ್ಪತ್ರೆ, ಆಮೇಲೆ ಜಿಲ್ಲೆಯ ಮಲೆನಾಡು ಕಡೆಯ ಒಂದು ತಾಲ್ಲೂಕು ಆಸ್ಪತ್ರೆ. ಪೋಸ್ಟಿಂಗ್ ಎಲ್ಲಿಗೆ ಕೇಳ್ಕೊಳ್ಳೋದು ಅಕ್ಕಾ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೊಂಬೆಯನ್ನು ಸುಮ್ನೆ ಕಡೆಗಣಿಸಬೇಡಿ. ಮಾಮಾನಟಾಲಿ ಅಂತ ಒಂದಿದೆ. ಒಬ್ಬಳು ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಕೂತರೆ ಇನ್ನೊಬ್ಬಳು ಹೆರಿಗೆ ಮಾಡಿಸಬೇಕು. ಒಳಗಿನಿಂದ ರಕ್ತಸ್ರಾವವನ್ನೂ ತೋರಿಸಬಹುದು. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್-ಮಾಸ್ಕ್ (ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬೇಕಲ್ವಾ, ಅದನ್ನು ನೂರು ಸಲ ತಪ್ಪು ಮಾಡಿ ಕಲಿಯೋಕೆ ಲ್ಯಾಬ್ ಬಿಟ್ಟರೆ ಬೇರೆ ಜಾಗ ಇಲ್ಲ. ಆದರೆ ಬೊಂಬೆ ನಿಮ್ಮ ಕೈ ಹಿಡಿದು ಕಿರುಚುವುದಿಲ್ಲ, ನಿಜವಾದ ಮಗುವಿನ ಹಾಗೆ ಕೈಯಿಂದ ಜಾರುವುದೂ ಇಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಜಾಸ್ತಿ, ವಿದ್ಯಾರ್ಥಿಗಳೂ ಜಾಸ್ತಿ. ಒಂದು ಟೇಬಲ್ ಸುತ್ತ ಆರು ಜನ. ಅವಳಿ, ಕಾಲು ಮುಂದಾಗಿ ಬಂದ ಮಗು, ಬಿಪಿ ಏರಿ ಫಿಟ್ಸ್ ಬಂದವರಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವುದು, ಇವೆಲ್ಲ ನೋಡಿದ್ದು ಅಲ್ಲೇ, ಆ ಋಣ ನನಗೆ ಇದೆ. ಆದರೆ ನೋಡಿದ್ದೇ ಜಾಸ್ತಿ, ಮಾಡಿದ್ದು ಕಡಿಮೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಗ್ಲೌಸ್ ಹಾಕಿಕೊಂಡು ಹೋಗಿ ನಿಲ್ಲುವುದು, ಮಗು ಬಂತು, ಮಾಡಿಸಿದ ಹೆರಿಗೆಗಳನ್ನು ಬರೆದಿಡುವ ಕೇಸ್ ಬುಕ್‌ಗೆ ಒಂದು ನಂಬರ್ ಆಯ್ತು, ಮುಂದಿನ ಟೇಬಲ್. ಆ ತಾಯಿ ಆಮೇಲೆ ಹೇಗಿದ್ದಳು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅದು ಈಗಲೂ ಬೇಜಾರು.

ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರು ಸಿಸ್ಟರ್, ನಾನು, ಹೊರಗೆ ಮಳೆ. ಕಾಫಿ ತೋಟದ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ಚೊಚ್ಚಲ ನೋವಿಗೆ ಬಂದಳು. ತಾಯಿ ಕಾರ್ಡ್ ನೋಡುವುದರಿಂದ ಹಿಡಿದು ಎಲ್ಲವೂ ನನ್ನ ಕೈಯಲ್ಲೇ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ನಿಮಿಷಕ್ಕೆ 110ರಿಂದ 160ರೊಳಗೆ ಇದೆಯಾ ಅಂತ. ಹೊಟ್ಟೆ ಮೇಲೆ ಕೈ ಇಟ್ಟು 10 ನಿಮಿಷದಲ್ಲಿ ಎಷ್ಟು ಸಲ ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡ್ ಇತ್ತು ಎಂದು ಎಣಿಸಿ ಪಾರ್ಟೋಗ್ರಾಫ್‌ನಲ್ಲಿ, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಅಂತ ತೋರಿಸುವ ಚಾರ್ಟ್‌ನಲ್ಲಿ, ಗುರುತು ಹಾಕುವುದು. ಕೈ ಎತ್ತಬೇಡ, ಗಡಿಯಾರ ನೋಡು ಅಂತ ಸಿಸ್ಟರ್ ಹೇಳುತ್ತಿದ್ದರು. ಆ ಹುಡುಗಿ ನನ್ನ ಇನ್ನೊಂದು ಕೈ ಹಿಡಿದು 'ಬಿಟ್ಟೋಗ್ಬೇಡ ಕಣಕ್ಕ' ಅನ್ನುತ್ತಿದ್ದಳು.

ಹೆರಿಗೆಯಾದಾಗ ಸಿಸ್ಟರ್ ಕೈ ನನ್ನ ಕೈ ಮೇಲಿತ್ತು. ಒಂದು ನಿಮಿಷದೊಳಗೆ ತೊಡೆಗೆ, ಗರ್ಭಕೋಶ ಬಿಗಿಯೋಕೆ, ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್. ಮಗು ಚೆನ್ನಾಗಿ ಅತ್ತಿದ್ದರಿಂದ ಹೊಕ್ಕುಳಬಳ್ಳಿ ಕತ್ತರಿಸೋಕೆ ಅವಸರ ಮಾಡಲಿಲ್ಲ. ಮಾಸು ಪೂರ್ತಿ ಬಂದಿದೆಯಾ ಅಂತ ಟ್ರೇನಲ್ಲಿ ತಿರುಗಿಸಿ ನೋಡಿದ್ದೂ ನಾನೇ. ಮುಗೀತು ಅಂದುಕೊಂಡೆ. ಸಿಸ್ಟರ್ ನನ್ನನ್ನು ಅಲ್ಲೇ ಕೂರಿಸಿದರು, ಎರಡು ಗಂಟೆ, 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತ ಎಷ್ಟು ಹೋಗ್ತಿದೆ, ಗರ್ಭಕೋಶ ಗಟ್ಟಿ ಇದೆಯಾ. ಮೂರನೇ ಸಲ ಮುಟ್ಟಿದಾಗ ಮೆತ್ತಗಿತ್ತು! ಬಟ್ಟೆಯೂ ಒದ್ದೆ. ಕರೆದೆ. ಅವರು ಮಸಾಜ್ ಮಾಡುತ್ತಲೇ ಹೊಟ್ಟೆ ಕೆಳಗೆ ಒತ್ತಿ ನೋಡಿ, ಮೂತ್ರ ಕಟ್ಟಿದೆ, ಮೊದಲು ಮೂತ್ರ ಮಾಡಿಸು ಅಂದರು. ಮಾಡಿಸಿದ ಮೇಲೆ ನನ್ನ ಅಂಗೈ ಕೆಳಗೇ ಅದು ಗಟ್ಟಿಯಾಯಿತು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ, ಆದರೆ ಕೈಗೆ ಗೊತ್ತಾಗಿದ್ದು ಆ ರಾತ್ರಿ.

ಕೊರತೆಯೂ ಇದೆ. ಕೆಲವು ದಿನ ಒಂದೂ ಹೆರಿಗೆ ಇರುವುದಿಲ್ಲ. ಕಷ್ಟದ ಕೇಸ್ ಬಂದರೆ 108ರಲ್ಲಿ ಹಾಸನಕ್ಕೆ ಕಳಿಸಿಬಿಡುತ್ತಾರೆ, ಮುಂದೇನಾಯ್ತು ಅಂತ ನಿಮಗೆ ಕಾಣುವುದಿಲ್ಲ. ಕೇಸ್ ಬುಕ್ ತುಂಬೋದು ನಿಧಾನ.

ಆದರೂ ಒಂದೇ ಆರಿಸು ಅಂದರೆ ನಾನು ತಾಲ್ಲೂಕು ಆಸ್ಪತ್ರೆಯನ್ನೇ ಆರಿಸುತ್ತೇನೆ. ಮೂರಕ್ಕೂ ಅವಕಾಶ ಇದ್ದರೆ ಮೊದಲು ಲ್ಯಾಬ್, ನಂತರ ತಾಲ್ಲೂಕು ಆಸ್ಪತ್ರೆ, ದೊಡ್ಡಾಸ್ಪತ್ರೆ ಕೊನೆಗೆ, ಯಾಕೆಂದರೆ ಸರಾಗ ಹೆರಿಗೆ ಕೈಗೆ ಹತ್ತಿದ ಮೇಲೆ ತೊಡಕು ಬೇಗ ಕಣ್ಣಿಗೆ ಬೀಳುತ್ತದೆ. ತಾಲ್ಲೂಕು ಆಸ್ಪತ್ರೆಗೆ ಹೋದರೆ ರಾತ್ರಿ ಪಾಳಿ ಕೇಳಿ ಹಾಕಿಸಿಕೊಳ್ಳಿ, ಸೆಕೆಂಡ್ ಮುಳ್ಳಿರುವ ವಾಚ್ ಮರೆಯಬೇಡಿ.