ಉಗುರು, ಚರ್ಮ, ನಾಲಿಗೆ: ಫಿಲ್ಮ್ ಮೇಲೆ ಯಾವುದು ಚೆನ್ನಾಗಿ ಮೂಡುತ್ತದೆ?

ಕ್ಯಾಮೆರಾ ಮುಟ್ಟದೆ, ಬರೀ ಮೈಯಿಂದಲೇ 16 ಎಂಎಂ ಫಿಲ್ಮ್ ಮೇಲೆ ಸಿನಿಮಾ ಮಾಡುವ ಮೂರು ದಾರಿಗಳನ್ನು ಮಾಡಿ ನೋಡಿದ್ದೇನೆ. ನನ್ನ ಓಟು ನಾಲಿಗೆಗೆ.

ಉಗುರು ಎಲ್ಲಕ್ಕಿಂತ ಸುಲಭ. ಹಳೇ ಕಲರ್ ಸಿನಿಮಾ ಪ್ರಿಂಟಿನ ತುಂಡು ಸಾಕು. ಒಣಗಿದ ಫಿಲ್ಮ್ ಉಗುರಿಗೆ ಜಗ್ಗುವುದಿಲ್ಲ. ನೀರಲ್ಲಿ ನೆನೆಸಿದರೆ ಚಿತ್ರ ಹೊತ್ತ ಜೆಲಾಟಿನ್ ಲೇಪ ಉಬ್ಬಿ ಮೆತ್ತಗಾಗುತ್ತದೆ. ಮೆಲ್ಲಗೆ ಕೆರೆದರೆ ಹಸಿರು ಗೆರೆ, ಒತ್ತಿದರೆ ಹಳದಿ, ತಳ ಮುಟ್ಟಿದರೆ ಬಿಳಿ. ಬಣ್ಣದ ಪದರಗಳು ಒಂದೊಂದಾಗಿ ಏಳುತ್ತವೆ. ನೋಡೋಕೆ ತುಂಬಾ ಚೆಂದ. ಆದರೆ ಪರದೆ ಮೇಲೆ ಅದು ಉಗುರೋ ಸೂಜಿಯೋ ಗೊತ್ತಾಗುವುದಿಲ್ಲ. ಕ್ಯಾಮೆರಾ ಇಲ್ಲದೆ ಸಿನಿಮಾ ಮಾಡಿ ಹೆಸರಾದ ಕಲಾವಿದ ಲೆನ್ ಲೈ 1958ರ 'ಫ್ರೀ ರ್‍ಯಾಡಿಕಲ್ಸ್'ನಲ್ಲಿ ಕಪ್ಪು ಫಿಲ್ಮನ್ನು ಮೊನಚು ಸಾಮಾನುಗಳಿಂದ ಕೆರೆದು ಗೆರೆಗಳನ್ನೇ ಕುಣಿಸಿದರು. ಅಷ್ಟು ಚುರುಕು ಉಗುರಿಗೆ ಎಲ್ಲಿಂದ ಬರಬೇಕು?

ಚರ್ಮದ ದಾರಿ ಬ್ರಿಟಿಷ್ ಕಲಾವಿದೆ ಎಮ್ಮಾ ಹಾರ್ಟ್ ಅವರ 'ಸ್ಕಿನ್ ಫಿಲ್ಮ್'ನದು. ಟೇಪನ್ನು ಮೈಗೆ ಅಂಟಿಸಿ, ಕಿತ್ತು, ಖಾಲಿ ಫಿಲ್ಮಿಗೆ ಹಚ್ಚುವುದು. ಕೂದಲು, ಸತ್ತ ಚರ್ಮ, ಸಣ್ಣ ಸುಕ್ಕುಗಳು ಪರದೆ ತುಂಬುತ್ತವೆ. ಮೈ ಇಲ್ಲಿ ನಿಜವಾಗಿ ಇದೆ. ಆದರೆ ದಪ್ಪವಾದ ಫಿಲ್ಮ್ ಪ್ರೊಜೆಕ್ಟರಿನ ಗೇಟಿನಲ್ಲಿ (ಫ್ರೇಮಿನ ಮೇಲೆ ಬೆಳಕು ಹಾಯುವ ಕಿಂಡಿ) ತಡವರಿಸುತ್ತದೆ, ಅಂಟು ಒಳಗೆಲ್ಲ ಮೆತ್ತಿಕೊಳ್ಳುತ್ತದೆ.

ನಾಲಿಗೆಗೆ ಪ್ರಯೋಗಾತ್ಮಕ ಸಿನಿಮಾ ಮಾಡುವ ವಿಕಿ ಸ್ಮಿತ್ 2014ರಲ್ಲಿ ದಾರಿ ತೋರಿಸಿದ್ದಾರೆ. ನಾನು ಮಾಡಿದ್ದು ಹೀಗೆ: ನಾಲಿಗೆಗೆ ಫುಡ್ ಕಲರ್ ಹಚ್ಚಿಕೊಂಡು ಖಾಲಿ ಫಿಲ್ಮ್ ನೆಕ್ಕುವುದು. ಎಂಜಲು ಹರಡುವುದಿಲ್ಲ, ಹನಿಹನಿಯಾಗಿ ನಿಲ್ಲುತ್ತದೆ. ಗುಳ್ಳೆ ಒಡೆದು ಒಣಗಿದ ಕಡೆ ಅಂಚು ಗಾಢವಾದ ಉಂಗುರ ಉಳಿಯುತ್ತದೆ. ಒಂದು ಫ್ರೇಮಿನ ಎತ್ತರ ಸುಮಾರು 7.5 ಮಿಲಿಮೀಟರ್. ಹಾಗಾಗಿ ಒಂದೇ ನೆಕ್ಕು ನಾಲ್ಕೈದು ಫ್ರೇಮುಗಳ ಮೇಲೆ ಹಾಯುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಅದು ಛಕ್ ಅಂತ ಬಂದು ಹೋಗುತ್ತದೆ. ಮೈಯ ಅಳತೆ ಫ್ರೇಮಿಗೆ ಬಗ್ಗುವುದಿಲ್ಲ ಅಲ್ವಾ, ಅದೇ ನನಗೆ ಹಿಡಿಸಿದ್ದು.

ಇನ್ನು ಸದ್ದು. ಒಂದೇ ಬದಿ ತೂತಿರುವ ಫಿಲ್ಮ್ ಆದರೆ ಸದ್ದಿನ ಪಟ್ಟಿಗೆಂದು ಬಿಟ್ಟ ಇನ್ನೊಂದು ಅಂಚಿನಲ್ಲಿ ಬಿದ್ದ ಎಂಜಲನ್ನೂ ಪ್ರೊಜೆಕ್ಟರ್ ಸೌಂಡ್‌ಟ್ರ್ಯಾಕ್ ಅಂತಲೇ ಓದುತ್ತದೆ. ಪಟ್ ಪಟ್, ಬರ್ ಅಂತ ಕೇಳುತ್ತದೆ. ಗೇಟ್ ದಾಟಿ 26 ಫ್ರೇಮ್ ಆದಮೇಲೆ ಸದ್ದು ಓದುವ ಜಾಗ. ಹಾಗಾಗಿ ನೆಕ್ಕಿದ ಗುರುತು ಮೊದಲು ಕಾಣುತ್ತದೆ, ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ತಡವಾಗಿ ಕೇಳುತ್ತದೆ. ಉಗುರೂ ಸದ್ದು ಮಾಡುತ್ತದೆ ನಿಜ, ಆದರೆ ಅದು ಬರೀ ಕರಕರ.

ಮಾಡುವುದಾದರೆ ಏನೂ ಲೇಪವಿಲ್ಲದ ಹೊಸ ಪಾರದರ್ಶಕ ಲೀಡರ್ (ಚಿತ್ರವಿಲ್ಲದ ಖಾಲಿ ಫಿಲ್ಮ್) ತಗೊಳ್ಳಿ. ತೊಳೆದ ಪ್ರಿಂಟಿನಲ್ಲಿ ಕೆಮಿಕಲ್ ಉಳಿದಿರಬಹುದು, ಅದಕ್ಕೆ ನಾಲಿಗೆ ತಾಗಿಸಲೇಬೇಡಿ. ಸುತ್ತುವ ಮೊದಲು ರಾತ್ರಿಯಿಡೀ ನೇತುಹಾಕಿ ಒಣಗಿಸಿ, ಇಲ್ಲದಿದ್ದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.