ಖರ್ಜೂರಕ್ಕೆಂದೇ ಕೊಂಡ ಡೀಪ್ ಫ್ರೀಜರ್: ಐದು ಸೀಸನ್ ಬಳಸಿದ ಮೇಲೆ

ನಾವಿರುವುದು ಸೌದಿಯ ಹೊಫೂಫ್‌ನಲ್ಲಿ. ಸುತ್ತಲೂ ಅಲ್-ಅಹ್ಸಾ ಓಯಸಿಸ್‌ನ ಖರ್ಜೂರದ ತೋಟಗಳು. ಆಗಸ್ಟ್ ಬಂತೆಂದರೆ ಪೇಟೆ ತುಂಬ ಖಲಾಸ್ ಎಂಬ ತಳಿಯ ಖರ್ಜೂರ. ವರ್ಷಕ್ಕೆ ಬೇಕಾದ 40 ಕಿಲೋ ಆಗಲೇ ಕೊಂಡುಬಿಡುತ್ತೇವೆ. ಅರ್ಧ ನಮಗೆ, ಅರ್ಧ ಊರಿಗೆ, ಉಡುಪಿಗೆ.

ಫ್ರೀಜರ್ ಇಲ್ಲದ ವರ್ಷ ಪೆಟ್ಟಿಗೆಗಳನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೆವು. ನವೆಂಬರ್‌ಗೆ ಬೂದು ಬಣ್ಣದ ಸಣ್ಣ ಪತಂಗಗಳು ಹಾರಾಡತೊಡಗಿದವು. ಹಣ್ಣು ಬಿಡಿಸಿದರೆ ಒಳಗೆ ಬಲೆ, ಬೀಜದ ಪಕ್ಕದಲ್ಲಿ ಹಿಕ್ಕೆ. ಅಮ್ಮ ಅಕ್ಕಿ ಡಬ್ಬಕ್ಕೆ ಹಾಕುತ್ತಿದ್ದುದು ನೆನಪಾಗಿ ನಾನೂ ಲವಂಗ ಹಾಕಿದೆ. ಖರ್ಜೂರಕ್ಕೆ ಲವಂಗದ ವಾಸನೆ ಹಿಡಿಯಿತು, ಹುಳ ಹೋಗಲಿಲ್ಲ. ಆಮೇಲೆ ತೋಟದವರೇ ಹೇಳಿದರು: ಹಣ್ಣು ಮರದಲ್ಲಿರುವಾಗ, ಕೊಯ್ದು ಒಣಗಿಸುವಾಗಲೇ ಪತಂಗ ಮೊಟ್ಟೆ ಇಟ್ಟಿರುತ್ತದೆ. ಅಂದರೆ ಮೊಟ್ಟೆಯನ್ನು ನಾವೇ ಮನೆಗೆ ಹೊತ್ತು ತರುತ್ತೇವೆ.

ಗೋದಾಮಿಗೆ ಇಡುವ ಮಾತ್ರೆ ತಂದಿಡಿ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ. ಗಲ್ಫ್‌ನ ಫ್ಲ್ಯಾಟ್‌ಗಳಲ್ಲಿ ಇದರಿಂದ ಮಕ್ಕಳ ಜೀವವೇ ಹೋಗಿದೆ.

ಹಾಗಾಗಿ ಮುಚ್ಚಳ ಮೇಲಕ್ಕೆ ತೆರೆಯುವ 200 ಲೀಟರಿನ ಡೀಪ್ ಫ್ರೀಜರ್ ಕೊಂಡೆವು. ಮೊದಲ ಸೀಸನ್‌ನಲ್ಲಿ ತಪ್ಪು ಮಾಡಿದೆ. 10 ಕಿಲೋ ಪೆಟ್ಟಿಗೆಯನ್ನು ಹಾಗೇ ಇಟ್ಟು, ಎರಡು ದಿನಕ್ಕೆ ತೆಗೆದೆ. ನಡುವಿನ ಹಣ್ಣಿನಲ್ಲಿ ಹುಳ ಇನ್ನೂ ಜೀವಂತ! ಫ್ರೀಜರ್ -18 ಡಿಗ್ರಿ ತೋರಿಸುತ್ತಿತ್ತು, ನಿಜ. ಆದರೆ ಅದು ಒಳಗಿನ ಗಾಳಿಯ ಲೆಕ್ಕ. ಪೆಟ್ಟಿಗೆಯ ನಡುವಿಗೆ ಚಳಿ ಇಳಿಯಲು ಎಷ್ಟೋ ಹೊತ್ತು ಬೇಕು. ಈಗ ಒಂದೊಂದು ಕಿಲೋದ ಚಪ್ಪಟೆ ಪೊಟ್ಟಣ ಮಾಡುತ್ತೇನೆ. ಒಂದರ ನಡುವೆ ಥರ್ಮಾಮೀಟರ್‌ನ ತಂತಿ ಇಟ್ಟು ನೋಡುತ್ತೇನೆ. ಅಲ್ಲಿಯೂ -18 ಬಂದ ಮೇಲೆ ನಾಲ್ಕು ದಿನ ಎಣಿಸುತ್ತೇನೆ. ಎರಡನೇ ಸೀಸನ್‌ನಿಂದ ಇಲ್ಲಿಯವರೆಗೆ ಜೀವಂತ ಹುಳ ಒಂದೂ ಕಂಡಿಲ್ಲ.

ಆದರೆ ಸತ್ತ ಹುಳ ಹಣ್ಣಿನೊಳಗೇ ಉಳಿಯುತ್ತದೆ, ಅಲ್ವಾ? ಅದಕ್ಕೆ ಇಡುವ ಮೊದಲೇ ಆರಿಸಬೇಕು. ಸೂಜಿ ಮೊನೆಯಷ್ಟು ತೂತಿದ್ದದ್ದು, ಸೀಳಿದ್ದು, ಹುಳಿ ವಾಸನೆ ಬಂದದ್ದು ಎಲ್ಲ ಹೊರಗೆ. ಈ ಕೆಲಸಕ್ಕೆ ನಾವಿಬ್ಬರೂ ಕೂತರೆ ಒಂದು ಇಡೀ ಶುಕ್ರವಾರ ಬೇಕು.

ಹಣ್ಣಿನ ಗುಣದ ಬಗ್ಗೆ ನನಗೆ ತುಂಬ ಸಂತೋಷವಿದೆ. ಕಪಾಟಿನಲ್ಲಿಟ್ಟ ಖಲಾಸ್ ಆರು ತಿಂಗಳಿಗೆ ಕಪ್ಪಗಾಗಿತ್ತು. ಫ್ರೀಜರಿನದು ಮುಂದಿನ ಜುಲೈನಲ್ಲೂ ಜೇನಿನ ಬಣ್ಣದಲ್ಲೇ ಇರುತ್ತದೆ. ಸಕ್ಕರೆ ಜಾಸ್ತಿ ಇರುವುದರಿಂದ ಕಲ್ಲಿನಂತೆ ಗಟ್ಟಿಯಾಗುವುದೂ ಇಲ್ಲ. ತೆಗೆದ ಕೂಡಲೇ ಹಲ್ಲಿಗೆ ಸಿಗುತ್ತದೆ. ಸಿಪ್ಪೆಯ ಕೆಳಗೆ ಕೆಲವೊಮ್ಮೆ ಬಿಳಿ ಚುಕ್ಕೆ ಕಾಣುತ್ತದೆ. ಅದು ಹರಳುಗಟ್ಟಿದ ಸಕ್ಕರೆ. ಬೂಷ್ಟು ಅಂದುಕೊಂಡು ಒಮ್ಮೆ ಎರಡು ಕಿಲೋ ಎಸೆದಿದ್ದೆವು, ಈಗಲೂ ಬೇಜಾರಾಗುತ್ತದೆ.

ಹೊರತೆಗೆದಾಗ ಪೊಟ್ಟಣವನ್ನು ತಕ್ಷಣ ಬಿಚ್ಚಬೇಡಿ. ಹಣ್ಣು ತಣ್ಣಗಿರುವಾಗ ಬಿಚ್ಚಿದರೆ ಮೈಮೇಲೆ ನೀರು ಕೂರುತ್ತದೆ, ಆ ತೇವಕ್ಕೆ ಹಣ್ಣು ಹುಳಿಯಾಗುತ್ತದೆ. ರಾತ್ರಿ ತೆಗೆದು ಹೊರಗಿಟ್ಟರೆ ಬೆಳಿಗ್ಗೆ ಬಿಚ್ಚಬಹುದು. ಇನ್ನೊಂದು ಮಾತು, ಮೀನಿನ ಜೊತೆ ಇಡಬೇಡಿ. ಮೂರನೇ ವರ್ಷ ಬಂಗುಡೆ ಇಟ್ಟಿದ್ದೆವು. ಪೊಟ್ಟಣ ಕಟ್ಟಿದ್ದರೂ ಖರ್ಜೂರ ವಾಸನೆ ಎಳೆದುಕೊಂಡಿತ್ತು.

ಫ್ರೀಜರಿನ ಕೊರತೆಗಳೂ ಇವೆ. ಮೋಟಾರಿನ ಮೇಲಿನ ಮೆಟ್ಟಿಲಿನಂಥ ಜಾಗ ಉಳಿದ ಕಡೆಯಷ್ಟು ತಣ್ಣಗಾಗುವುದಿಲ್ಲ, ಅಲ್ಲಿ ಹೊಸ ಪೊಟ್ಟಣ ಇಡುವುದಿಲ್ಲ. ಐಸ್ ಕಟ್ಟಿದರೆ ನಾವೇ ಕರಗಿಸಬೇಕು. ನಾಲ್ಕನೇ ವರ್ಷ ಮುಚ್ಚಳದ ರಬ್ಬರ್ ಸಡಿಲವಾಯಿತು. ಸರ್ವೀಸಿನವರು ಬಂದದ್ದು ಮೂರು ವಾರ ಬಿಟ್ಟು, ಅದೂ ಹೊರಗೆ 45 ಡಿಗ್ರಿ ಬಿಸಿಲಿರುವಾಗ. ಅಷ್ಟು ದಿನ ಮುಚ್ಚಳದ ಮೇಲೆ ಅಕ್ಕಿ ಮೂಟೆ ಇಟ್ಟು ಕಾಪಾಡಿದೆವು.

ಊರಿಗೆ ಒಯ್ದದ್ದರ ಕಥೆ ಬೇರೆ. ಚಳಿಯಲ್ಲಿ ಹುಳ ಸತ್ತರೂ, ಬಿಚ್ಚಿಟ್ಟ ಹಣ್ಣಿಗೆ ಮನೆಯ ಹುಳ ಮತ್ತೆ ಬರುತ್ತದೆ. ಉಡುಪಿಯ ಮಳೆಗಾಲದಲ್ಲಂತೂ ಹಣ್ಣು ತೇವ ಎಳೆದುಕೊಂಡು ಅಂಟಂಟಾಗುತ್ತದೆ. ಅದಕ್ಕೇ ಅಮ್ಮ ಒಂದು ಸಲಕ್ಕೆ ಒಂದೇ ಪೊಟ್ಟಣ ಬಿಚ್ಚಿ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕುತ್ತಾರೆ. ಉಳಿದದ್ದೆಲ್ಲ ಅಲ್ಲಿನ ಫ್ರಿಜ್ಜಿನಲ್ಲಿ.